ಆಫ್-ರೋಡ್ ಬೈಕಿನ ಏರ್ ಫಿಲ್ಟರ್: ತೊಳೆಯುವುದು, ಎಣ್ಣೆ ಹಚ್ಚುವುದು, ಸರಿಯಾಗಿ ಕೂರಿಸುವುದು

ಮಣ್ಣಿನ ದಾರಿಯಲ್ಲಿ ಓಡುವ ಬೈಕಿನ ಎಂಜಿನ್ ಅಕಾಲದಲ್ಲಿ ಸವೆದಾಗ ಕಾರಣ ಹುಡುಕುತ್ತ ಹೋದರೆ ಬಹಳ ಸಲ ಕೊನೆಗೆ ಸಿಗುವುದು ಧೂಳು. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಸಾಮಾನ್ಯ ಉಕ್ಕಿನ ಚಾಕುವಿನದು ಸುಮಾರು 5.5. ಅಂಥ ಕಣ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಎಣ್ಣೆಯಲ್ಲಿ ಬೆರೆತರೆ ಪ್ರತಿ ಸುತ್ತಿಗೂ ಲೋಹವನ್ನು ಉಜ್ಜಿ ತೆಗೆಯುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ತಿರುಗುವ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಹೋಗುವುದರಿಂದ ಕ್ರ್ಯಾಂಕಿನ ಬೇರಿಂಗುಗಳೂ ಪೆಟ್ಟು ತಿನ್ನುತ್ತವೆ. ಇಂದಿನ ಮೋಟೋಕ್ರಾಸ್ ಫೋರ್-ಸ್ಟ್ರೋಕ್ ಬೈಕುಗಳಲ್ಲಿ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವುಗಳು ಹೆಚ್ಚಾಗಿ ಟೈಟಾನಿಯಂನವು. ಅವುಗಳ ಮೇಲಿನ ತೆಳುವಾದ ಗಟ್ಟಿ ಲೇಪನವನ್ನು ಧೂಳು ಸವೆಸಿದ ಮೇಲೆ ವಾಲ್ವ್ ಸೀಟಿನೊಳಗೆ ಕುಸಿಯುತ್ತ ಹೋಗುತ್ತದೆ, ವಾಲ್ವಿಗೆ ಬಿಟ್ಟಿರುವ ಸಣ್ಣ ಅಂತರ (ವಾಲ್ವ್ ಕ್ಲಿಯರೆನ್ಸ್) ಕಡಿಮೆಯಾಗುತ್ತದೆ, ಬೈಕ್ ಸ್ಟಾರ್ಟ್ ಆಗಲು ಹಟ ಹಿಡಿಯುತ್ತದೆ. ಇಷ್ಟೆಲ್ಲವನ್ನೂ ತಡೆಯುವುದು ಒಂದು ಸ್ಪಾಂಜಿನ ತುಂಡು.

ಕಟ್ಟಿಕೊಂಡ ಫಿಲ್ಟರ್ ತನ್ನ ಸ್ಥಿತಿಯನ್ನು ತಾನೇ ತೋರಿಸಿಕೊಳ್ಳುತ್ತದೆ. ಎಂಜಿನ್ ಮೇಲಿನ ವೇಗದಲ್ಲಿ ಉಸಿರು ಕಟ್ಟಿದಂತೆ ಎಳೆಯುತ್ತದೆ, ಕಾರ್ಬ್ಯುರೇಟರ್ ಬೈಕಾದರೆ ಪೆಟ್ರೋಲಿನ ಪ್ರಮಾಣ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಆದರೆ ಅಂಚಿನಲ್ಲಿ ಸೋರುವ ಫಿಲ್ಟರ್ ಯಾವ ಸುಳಿವನ್ನೂ ಕೊಡುವುದಿಲ್ಲ. ಬೈಕ್ ಎಂದಿನಂತೆ ಚೆನ್ನಾಗಿಯೇ ಓಡುತ್ತದೆ, ಒಳಗೆ ಹಾನಿ ನಡೆಯುತ್ತಿರುತ್ತದೆ. ಹೆಚ್ಚಿನವರು ತೊಳೆಯುವುದಕ್ಕೆ ಕೊಡುವ ಗಮನದ ಅರ್ಧದಷ್ಟನ್ನೂ ಕೂರಿಸುವುದಕ್ಕೆ ಕೊಡುವುದಿಲ್ಲ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ. ಫಿಲ್ಟರಿನ ಅಂಚು ಮತ್ತು ಅದು ಒರಗುವ ಜಾಗ, ಇವೆರಡರ ಮೇಲೆ ಕಣ್ಣಿಟ್ಟರೆ ಉಳಿದದ್ದು ಸುಲಭ.

ಫೋಮ್ ಕೆಲಸ ಮಾಡುವ ಬಗೆ

ಡರ್ಟ್ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯುರಿಥೇನ್ ಫೋಮ್. ಹೊರಗೆ ದೊಡ್ಡ ರಂಧ್ರಗಳ ಒರಟು ಪದರ, ಒಳಗೆ ಸಣ್ಣ ರಂಧ್ರಗಳ ನಯವಾದ ಪದರ, ಎರಡನ್ನೂ ಅಂಟಿಸಿರುತ್ತಾರೆ. ಹೊರಪದರ ದಪ್ಪ ಮಣ್ಣನ್ನು ತಡೆಯುತ್ತದೆ, ಒಳಪದರ ಉಳಿದದ್ದನ್ನು ಹಿಡಿಯುತ್ತದೆ. ಆದರೆ ಫೋಮ್‌ನ ರಂಧ್ರಗಳು ನುಣುಪು ಧೂಳಿನ ಕಣಗಳಿಗಿಂತ ಬಹಳ ದೊಡ್ಡವು. ಒಣ ಫೋಮ್‌ನಲ್ಲಿ ಆ ಧೂಳು ಸರಾಗವಾಗಿ ದಾಟಿ ಹೋಗುತ್ತದೆ. ಅದನ್ನು ನಿಜವಾಗಿ ಹಿಡಿಯುವುದು ಫಿಲ್ಟರ್ ಆಯಿಲ್. ಗಾಳಿ ಫೋಮ್‌ನ ಅಂಕುಡೊಂಕು ದಾರಿಯಲ್ಲಿ ತಿರುಗುತ್ತ ಹೋಗುವಾಗ ಭಾರವಾದ ಕಣಗಳು ಆ ತಿರುವುಗಳಲ್ಲಿ ಗೋಡೆಗೆ ಬಡಿದು ಜಿಗುಟು ಎಣ್ಣೆಗೆ ಅಂಟಿಕೊಳ್ಳುತ್ತವೆ. ಎಣ್ಣೆ ಹಚ್ಚದ ಹೊಸ ಫಿಲ್ಟರಿಗಿಂತ ಎಣ್ಣೆಯಿರುವ ಕೊಳಕು ಫಿಲ್ಟರ್ ಎಷ್ಟೋ ಮೇಲು. ಹೊಸ ಫಿಲ್ಟರನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ಹಾಕಿಬಿಡುವವರು ಇದನ್ನು ಗಮನಿಸಬೇಕು. ಮೊದಲೇ ಎಣ್ಣೆ ಹಚ್ಚಿದೆ ಎಂದು ಪೊಟ್ಟಣದ ಮೇಲೆ ಬರೆದಿರದಿದ್ದರೆ ಅದು ಒಣ ಫಿಲ್ಟರ್ ಎಂದೇ ತಿಳಿಯಿರಿ.

ಎಷ್ಟು ದಿನಕ್ಕೊಮ್ಮೆ

ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಒಂಟಿಯಾಗಿ ಒದ್ದೆ ಕಾಡುದಾರಿಯಲ್ಲಿ ಹೋದ ಬೈಕು ಮತ್ತು ಇತರರ ಹಿಂದೆ ಅವರೆಬ್ಬಿಸಿದ ಧೂಳಿನಲ್ಲೇ ಓಡಿದ ಬೈಕು ಒಂದೇ ದೂರ ಕ್ರಮಿಸಿದ್ದರೂ ಫಿಲ್ಟರುಗಳ ಸ್ಥಿತಿ ಅಜಗಜಾಂತರ. ಧೂಳಿನ ದಿನವಾದರೆ ಪ್ರತಿ ಸವಾರಿಯ ನಂತರ ಬದಲಾಯಿಸುವುದೇ ಒಳ್ಳೆಯದು. ಮರಳಿನಲ್ಲಿ ಇಡೀ ದಿನ ಓಡಿಸುವುದಾದರೆ ಮಧ್ಯಾಹ್ನ ಒಮ್ಮೆ ಬದಲಾಯಿಸಿದರೂ ಅತಿಯಾಗಲಾರದು. ಉಳಿದಂತೆ ಪ್ರತಿ ಸವಾರಿಯ ನಂತರ ಸೀಟು ಅಥವಾ ಬದಿಯ ಮುಚ್ಚಳ ತೆಗೆದು ಕಣ್ಣಿನಿಂದ ನೋಡಿ ತೀರ್ಮಾನಿಸಿ. ಹೊರಮೈ ಕೊಳೆಯಾಗಿದ್ದು ಒಳಮೈಯಲ್ಲಿ ಎಣ್ಣೆಯ ಬಣ್ಣ ಇನ್ನೂ ಸ್ವಚ್ಛವಾಗಿ ಕಾಣುತ್ತಿದ್ದರೆ ಫಿಲ್ಟರ್ ತನ್ನ ಕೆಲಸ ಮಾಡಿದೆ. ಒಳಮೈಗೂ ಕೊಳೆ ಇಳಿದಿದ್ದರೆ ತೊಳೆಯುವ ಹೊತ್ತು ಎಂದೋ ಮೀರಿದೆ.

ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸಿದ ಬೈಕಿನ ಫಿಲ್ಟರನ್ನೂ ನಂಬಬಾರದು. ಎಣ್ಣೆ ನಿಧಾನವಾಗಿ ಕೆಳಗೆ ಇಳಿದು ಮೇಲ್ಭಾಗ ಒಣಗಿರುತ್ತದೆ. ಫಿಲ್ಟರ್ ಕೂರುವ ಪೆಟ್ಟಿಗೆಯಾದ ಏರ್ ಬಾಕ್ಸಿನೊಳಗೆ ಇಲಿಗಳು ಗೂಡು ಕಟ್ಟುವುದೂ ಅಪರೂಪವಲ್ಲ. ಮತ್ತೆ ಹೊರಡಿಸುವ ಮುಂಚೆ ತೆರೆದು ನೋಡಿ, ತೊಳೆದು ಹೊಸ ಎಣ್ಣೆ ಹಚ್ಚಿ.

ಜೋಡಿಸಿಟ್ಟುಕೊಳ್ಳಬೇಕಾದದ್ದು

ಬೋಲ್ಟ್ ಬಿಚ್ಚಲು ಟಿ-ಹ್ಯಾಂಡಲ್ ಸ್ಪ್ಯಾನರ್. ಹಲವು ಬೈಕುಗಳಿಗೆ 8 ಮತ್ತು 10 ಮಿಲಿಮೀಟರಿನವು ಸಾಕು. ಎರಡು ಬಕೆಟ್. ಎಣ್ಣೆ, ದ್ರಾವಕ ತಡೆಯುವ ನೈಟ್ರೈಲ್ ಕೈಗವಸು. ಫಿಲ್ಟರ್ ತೊಳೆಯುವ ಕ್ಲೀನರ್, ಪಾತ್ರೆ ತೊಳೆಯುವ ಲಿಕ್ವಿಡ್, ಫಿಲ್ಟರ್ ಆಯಿಲ್, ನೀರಿಗೆ ಕರಗದ ಗ್ರೀಸ್. ನೂಲು ಬಿಡದ ಬಟ್ಟೆ ಹಲವು ತುಂಡು. ದಪ್ಪ ಪ್ಲಾಸ್ಟಿಕ್ ಚೀಲ ಒಂದೆರಡು. ಹಳೆಯ ಹಲ್ಲುಜ್ಜುವ ಬ್ರಷ್. ಒಂದು ಟಾರ್ಚ್, ಇದಿಲ್ಲದೆ ಫಿಲ್ಟರಿನ ಹಿಂದೆ ಎಂಜಿನ್‌ಗೆ ಗಾಳಿ ಹೋಗುವ ಒಳಗಿನ ಬಾಯಿಯನ್ನು ಸರಿಯಾಗಿ ನೋಡಲು ಆಗುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಫಿಲ್ಟರ್. ಒಂದೇ ಫಿಲ್ಟರ್ ಇಟ್ಟುಕೊಂಡವರು ತೊಳೆದದ್ದು ಒಣಗುವ ತನಕ ಕಾಯಬೇಕಾಗುತ್ತದೆ, ಕಾಯುವ ತಾಳ್ಮೆ ಇರುವುದಿಲ್ಲ, ಹಸಿಯಾಗಿದ್ದಾಗಲೇ ಎಣ್ಣೆ ಹಚ್ಚಿ ಹಾಕುತ್ತಾರೆ. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಇರಲಿ. ಒಂದು ಬೈಕಿನಲ್ಲಿ, ಉಳಿದವು ಎಣ್ಣೆ ಹಚ್ಚಿ ಜಿಪ್ ಚೀಲದಲ್ಲಿ ಸಿದ್ಧ.

ಬಿಚ್ಚುವುದು

ಮೊದಲು ಬೈಕಿನ ಹೊರಮೈಯ ಮಣ್ಣನ್ನು ತೆಗೆಯಿರಿ. ಸೀಟಿನ ಅಡಿಯಲ್ಲಿ, ಬದಿಯ ಮುಚ್ಚಳದ ಸಂದಿನಲ್ಲಿ ಕೂತ ಒಣ ಮಣ್ಣು ಬಿಚ್ಚುವಾಗ ಉದುರಿ ಒಳಗೆ ಬೀಳುತ್ತದೆ. ನೀರಿನ ಜೆಟ್‌ನಿಂದ ತೊಳೆಯುವುದಾದರೆ ಏರ್ ಬಾಕ್ಸಿನ ಕಡೆಗೆ ನೇರವಾಗಿ ಹೊಡೆಯಬೇಡಿ. ಒತ್ತಡದ ನೀರು ಫೋಮ್ ದಾಟಿ ಒಳಗೆ ಹೋಗುತ್ತದೆ, ಎಣ್ಣೆಯನ್ನೂ ತೊಳೆದುಬಿಡುತ್ತದೆ. ತೊಳೆಯುವಾಗ ಫಿಲ್ಟರಿನ ಜಾಗದಲ್ಲಿ ಕೂರಿಸುವ ಮುಚ್ಚಳ ಹಲವು ಮಾದರಿಗಳಿಗೆ ಸಿಗುತ್ತದೆ. ಜೆಟ್ ಬಳಸುವ ಅಭ್ಯಾಸವಿರುವವರಿಗೆ ಅದು ಬೇಕೇ ಬೇಕು.

ಫಿಲ್ಟರ್ ಎಲ್ಲಿದೆ ಎಂಬುದು ಬೈಕಿನಿಂದ ಬೈಕಿಗೆ ಬದಲಾಗುತ್ತದೆ. ಕೆಲವಕ್ಕೆ ಸೀಟು ತೆಗೆಯಬೇಕು. ಕೆಟಿಎಂ, ಹಸ್ಕ್‌ವಾರ್ನಾದ ಹಲವು ಮಾದರಿಗಳಲ್ಲಿ ಎಡಬದಿಯ ಮುಚ್ಚಳವನ್ನು ಉಪಕರಣವಿಲ್ಲದೆ ಎಳೆದು ತೆಗೆಯಬಹುದು. 2010ರಲ್ಲಿ ಸಿಲಿಂಡರ್ ಹೆಡ್ ಹಿಂದುಮುಂದಾಗಿ ಬಂದ ಯಮಹಾ ವೈಜೆಡ್450ಎಫ್‌ನಲ್ಲಿ ಫಿಲ್ಟರ್ ಇರುವುದು ಮುಂದೆ, ಹ್ಯಾಂಡಲ್‌ನ ಹಿಂದೆ. ನಿಮ್ಮ ಬೈಕಿನ ಮಾಲೀಕರ ಕೈಪಿಡಿಯಲ್ಲಿ ಚಿತ್ರವಿರುತ್ತದೆ.

ಮುಚ್ಚಳ ತೆಗೆದ ಕೂಡಲೇ ಫಿಲ್ಟರಿಗೆ ಕೈ ಹಾಕಬೇಡಿ. ಏರ್ ಬಾಕ್ಸಿನ ಅಂಚಿನಲ್ಲಿ, ಫಿಲ್ಟರಿನ ಸುತ್ತ ಬಿದ್ದಿರುವ ಮಣ್ಣು, ಎಲೆ, ಕಡ್ಡಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಈಗ ಬೋಲ್ಟ್ ಅಥವಾ ಕ್ಲಿಪ್ ಬಿಚ್ಚಿ. ಬೋಲ್ಟಿನ ಅಡಿಯ ವಾಷರ್ ಮತ್ತು ಸೀಲನ್ನು ಜೋಪಾನವಾಗಿ ಬೇರೆ ತಟ್ಟೆಯಲ್ಲಿಡಿ. ಫಿಲ್ಟರನ್ನು ನೇರವಾಗಿ, ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳಿ. ಅಲುಗಾಡಿಸಿದರೆ, ಏರ್ ಬಾಕ್ಸಿನ ಗೋಡೆಗೆ ಉಜ್ಜಿದರೆ ಅದರ ಮೈಮೇಲಿನ ಧೂಳು ನೇರವಾಗಿ ಎಂಜಿನ್ನಿನ ಬಾಯಿಗೆ ಬೀಳುತ್ತದೆ. ಇಡೀ ಕೆಲಸದಲ್ಲಿ ಎಂಜಿನ್‌ಗೆ ಅತಿ ಅಪಾಯದ ಗಳಿಗೆ ಇದು.

ಫಿಲ್ಟರ್ ಹೊರಬಂದ ಮೇಲೆ ತಕ್ಷಣ ಟಾರ್ಚ್ ಹಿಡಿದು ಒಳಗಿನ ಬಾಯಿಯನ್ನು ನೋಡಿ. ನೋಡುವ ತನಕ ಏನನ್ನೂ ಒರೆಸಬೇಡಿ, ಏಕೆಂದರೆ ಅಲ್ಲಿರುವ ಗುರುತುಗಳು ಕಳೆದ ಸವಾರಿಯ ವರದಿ.

ಒಳಗಿನ ಬಾಯಿ ಏನು ಹೇಳುತ್ತದೆ

ಏರ್ ಬಾಕ್ಸಿನಿಂದ ಕಾರ್ಬ್ಯುರೇಟರ್ ಅಥವಾ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆ ಸ್ವಚ್ಛವಾಗಿರಬೇಕು. ಎಣ್ಣೆಯ ತೆಳು ಪಸೆ ಇದ್ದರೆ ಚಿಂತೆಯಿಲ್ಲ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೋಡೆಯನ್ನು ಒಮ್ಮೆ ಸವರಿ ನೋಡಿ. ಬಟ್ಟೆಗೆ ಕಂದು ಬಣ್ಣ ಅಂಟಿದರೆ ಧೂಳು ದಾಟಿದೆ. ಬೆರಳುಗಳ ನಡುವೆ ಉಜ್ಜಿದಾಗ ಚುರುಚುರು ಎಂದರೆ ಅನುಮಾನವೇ ಬೇಡ.

ಧೂಳು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಕಾರಣವನ್ನು ತೋರಿಸುತ್ತದೆ. ಒಂದೇ ಕಡೆಯಿಂದ ಗೆರೆಯಾಗಿ ಒಳಗೆ ಹರಿದಿದ್ದರೆ ಆ ಗೆರೆ ಆರಂಭವಾದ ಜಾಗದಲ್ಲಿ ಫಿಲ್ಟರಿನ ಅಂಚು ಸರಿಯಾಗಿ ಕೂತಿರಲಿಲ್ಲ. ಸುತ್ತಲೂ ಸಮನಾಗಿ ತೆಳ್ಳಗೆ ಹರಡಿದ್ದರೆ ಫೋಮ್ ಮೂಲಕವೇ ದಾಟಿದೆ: ಎಣ್ಣೆ ಸಾಲದಾಗಿತ್ತು, ಅಥವಾ ಫೋಮ್ ಹಳತಾಗಿದೆ. ಫಿಲ್ಟರ್ ಒರಗುವ ಜಾಗದಲ್ಲಿ ಏನೂ ಇಲ್ಲದೆ, ಕೊಳವೆಯ ಆಳದಲ್ಲಿ ಮಾತ್ರ ಧೂಳು ಕಂಡರೆ ಸೋರಿಕೆ ಬೇರೆ ಕಡೆ ಇದೆ. ರಬ್ಬರ್ ಕೊಳವೆ ಏರ್ ಬಾಕ್ಸಿಗೆ ಸೇರುವ ಸಂದು, ಕಾರ್ಬ್ಯುರೇಟರಿನ ಕಡೆಯ ಕ್ಲ್ಯಾಂಪ್, ಕೊಳವೆಯಲ್ಲೇ ಬಿಟ್ಟ ಸೀಳು, ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿ. ಹಳೆಯ ಬೈಕುಗಳಲ್ಲಿ ಮೊದಲ ಸಂದಿನ ಸೀಲ್ ಒಣಗಿ ಬಿಟ್ಟುಕೊಂಡಿರುತ್ತದೆ. ಇಂಥ ಸೋರಿಕೆಯಿದ್ದರೆ ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಪ್ರಯೋಜನವಿಲ್ಲ. ನೀರಿನ ಹನಿಗಳು ಕಂಡರೆ ತೊಳೆಯುವಾಗ ಅಥವಾ ಹಳ್ಳ ದಾಟುವಾಗ ನೀರು ಒಳಹೊಕ್ಕಿದೆ.

ನೋಡಿ ಮುಗಿಸಿದ ಮೇಲೆ ಸ್ವಚ್ಛವಾದ ದೊಡ್ಡ ಬಟ್ಟೆಯ ಉಂಡೆಯಿಂದ ಆ ಬಾಯಿಯನ್ನು ಮುಚ್ಚಿ. ಸಣ್ಣ ತುಂಡು ಬೇಡ. ಅದು ಒಳಗೆ ಜಾರಿ ಮರೆತುಹೋದರೆ ಮತ್ತೊಂದು ಅನಾಹುತ. ಬಟ್ಟೆಯ ತುದಿ ಹೊರಗೆ ಎದ್ದು ಕಾಣುವಂತಿರಲಿ. ನಂತರ ಏರ್ ಬಾಕ್ಸಿನ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಾಳಿಯ ಪಂಪಿನಿಂದ ಊದಬೇಡಿ, ಧೂಳು ಎದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಫಿಲ್ಟರ್ ಒರಗುವ ಚಾಚುಪಟ್ಟಿಯಲ್ಲಿ ಹಳೆಯ ಗ್ರೀಸ್ ಮತ್ತು ಮರಳು ಸೇರಿ ಗಟ್ಟಿಯಾಗಿರುತ್ತದೆ. ಅದನ್ನು ಬ್ರಷ್‌ನಿಂದ ಸಡಿಲಿಸಿ ಪೂರ್ತಿ ಒರೆಸಿ, ಬೆರಳಿನಿಂದ ಸುತ್ತಲೂ ಸವರಿ, ಎಲ್ಲೂ ಒರಟು ಸಿಗಬಾರದು. ಏರ್ ಬಾಕ್ಸಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ರಬ್ಬರ್ ಮೂತಿ ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಒತ್ತಿ ಬಿಡಿಸಿ.

ತೊಳೆಯುವುದು

ಫಿಲ್ಟರಿನೊಳಗಿನ ಪ್ಲಾಸ್ಟಿಕ್ ಚೌಕಟ್ಟನ್ನು ಬೇರ್ಪಡಿಸಿ. ಅದಕ್ಕೆ ಲೋಹದ ಜಾಲರಿ ಇದ್ದರೆ ಕಿತ್ತು ಎಸೆಯಬೇಡಿ. ಎಂಜಿನ್ ಹಿಂದಕ್ಕೆ ಉಗುಳುವ ಬೆಂಕಿ ಎಣ್ಣೆಯ ಫೋಮ್‌ಗೆ ತಗಲದಂತೆ ಅದು ತಡೆಯುತ್ತದೆ.

ಫಿಲ್ಟರ್ ತೊಳೆಯಲು ಪೆಟ್ರೋಲ್ ಬಳಸುವ ಪದ್ಧತಿ ಎಲ್ಲೆಡೆ ಇದೆ. ದಯವಿಟ್ಟು ಬಿಟ್ಟುಬಿಡಿ. ಪೆಟ್ರೋಲಿನ ಆವಿ ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ, ತೆರೆದ ಬಕೆಟ್ಟಿನಿಂದ ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ತಲುಪುತ್ತದೆ. ಜೊತೆಗೆ ಫೋಮ್ ಪದರಗಳ ಅಂಟನ್ನು ಸಡಿಲಿಸುತ್ತದೆ, ಚರ್ಮದ ಮೂಲಕ ಮೈಗೂ ಸೇರುತ್ತದೆ. ಫಿಲ್ಟರ್ ಆಯಿಲ್ ತಯಾರಕರೇ ಕೊಡುವ ಕ್ಲೀನರ್ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಸೀಮೆಎಣ್ಣೆಯಂಥ, ಸುಲಭವಾಗಿ ಹೊತ್ತಿಕೊಳ್ಳದ ದ್ರಾವಕ ಆಗುತ್ತದೆ. ಅದನ್ನೂ ಬಯಲಿನಲ್ಲಿ, ಬೆಂಕಿಯಿಂದ ದೂರ ಬಳಸಬೇಕು. ಜೈವಿಕ ಎಣ್ಣೆ ಹಚ್ಚಿದ ಫಿಲ್ಟರಿಗೆ ಅದಕ್ಕೆಂದೇ ಇರುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ತೊಳೆಯುತ್ತಾರೆ. ಒಂದು ಬಗೆಯ ಎಣ್ಣೆಗೆ ಇನ್ನೊಂದು ಬಗೆಯ ಕ್ಲೀನರ್ ಹೊಂದುವುದಿಲ್ಲ, ಆದ್ದರಿಂದ ಎರಡನ್ನೂ ಒಂದೇ ತಯಾರಕರಿಂದ ಕೊಳ್ಳಿ.

ಕೈಗವಸು ಹಾಕಿಕೊಂಡು ಫಿಲ್ಟರನ್ನು ಮೊದಲ ಬಕೆಟ್ಟಿನ ದ್ರಾವಕದಲ್ಲಿ ಮುಳುಗಿಸಿ, ಅಂಗೈಗಳ ನಡುವೆ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಬಟ್ಟೆ ಹಿಂಡುವಂತೆ ತಿರುಚಬೇಡಿ; ಅಂಟಿಸಿದ ಸಂದುಗಳು ಹರಿಯುವುದು ಹೀಗೆಯೇ. ಒಳಗಿನಿಂದ ಹೊರಕ್ಕೆ ಕೊಳೆ ಹೋಗುವಂತೆ ದ್ರಾವಕವನ್ನು ಒಳಮೈಗೆ ಸುರಿಯಿರಿ, ಹೊರಗಿನ ಮಣ್ಣನ್ನು ನಯವಾದ ಒಳಪದರದೊಳಗೆ ತಳ್ಳಬೇಡಿ. ಎಣ್ಣೆಯ ಬಣ್ಣ ಪೂರ್ತಿ ಹೋಗುವ ತನಕ ಮುಂದುವರಿಸಿ. ತುಂಬ ಕೊಳೆಯಾಗಿದ್ದರೆ ಹೊಸ ದ್ರಾವಕದಲ್ಲಿ ಇನ್ನೊಮ್ಮೆ.

ಆಮೇಲೆ ಎರಡನೆಯ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್. ಇದು ದ್ರಾವಕದ ಪಸೆಯನ್ನು ತೆಗೆಯುತ್ತದೆ. ಪಸೆ ಉಳಿದರೆ ಹೊಸ ಎಣ್ಣೆ ಸರಿಯಾಗಿ ಹಿಡಿಯುವುದಿಲ್ಲ. ಕೊನೆಗೆ ಶುದ್ಧ ನೀರಿನಲ್ಲಿ, ಮತ್ತೆ ಒಳಗಿನಿಂದ ಹೊರಕ್ಕೆ, ನೊರೆ ಹೋಗುವ ತನಕ ಜಾಲಾಡಿ. ಬೆಳಕಿಗೆ ಹಿಡಿದು ನೋಡಿ. ಸಂದುಗಳಲ್ಲಿ, ಅಂಚಿನ ಮಡಿಕೆಯಲ್ಲಿ ಮರಳು ಉಳಿದಿರುತ್ತದೆ. ಚೌಕಟ್ಟನ್ನೂ ಇದೇ ಹೊತ್ತಿನಲ್ಲಿ ತೊಳೆದುಬಿಡಿ.

ಉಳಿದ ಕೊಳಕು ದ್ರಾವಕವನ್ನು ಚರಂಡಿಗೂ ಮಣ್ಣಿಗೂ ಸುರಿಯಬಾರದು. ಮುಚ್ಚಳವಿರುವ ಡಬ್ಬಿಗೆ ಹಾಕಿ ಕೆಲವು ದಿನ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು. ತಳದ ಗಸಿಯನ್ನು ಹಳೆಯ ಎಂಜಿನ್ ಆಯಿಲ್ ಪಡೆಯುವ ಕಡೆಗೆ ಕೊಡಿ, ಅದು ದ್ರಾವಕದ ಗಸಿ ಎಂದು ಹೇಳಿಯೇ ಕೊಡಿ.

ಒಣಗಿಸುವುದು

ಒಗೆದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಧೂಳಿಲ್ಲದ ನೆರಳಿನಲ್ಲಿ ನೇತುಹಾಕಿ. ಒಂದು ರಾತ್ರಿ ಬೇಕು, ಹವೆ ತೇವವಾಗಿದ್ದರೆ 24 ಗಂಟೆ. ಉರಿಬಿಸಿಲು, ಹೇರ್ ಡ್ರೈಯರ್, ಒತ್ತಡದ ಗಾಳಿ ಯಾವುದೂ ಬೇಡ. ಮೊದಲೆರಡು ಫೋಮ್ ಮತ್ತು ಅಂಟನ್ನು ಹಾಳುಮಾಡುತ್ತವೆ, ಮೂರನೆಯದರಿಂದ ಫೋಮ್ ಹರಿದುಹೋಗಬಹುದು. ಒಳಪದರದಲ್ಲಿ ತೇವ ಉಳಿದರೆ ಆ ಜಾಗದಲ್ಲಿ ಎಣ್ಣೆ ಹಿಡಿಯುವುದಿಲ್ಲ, ಅಲ್ಲಿಂದಲೇ ಧೂಳು ದಾಟುತ್ತದೆ.

ಒಣಗಿದ ಮೇಲೆ, ಎಣ್ಣೆ ಹಚ್ಚುವ ಮುಂಚೆ, ಫಿಲ್ಟರನ್ನು ನಿಧಾನವಾಗಿ ಪರೀಕ್ಷಿಸಿ. ದೋಷ ಚೆನ್ನಾಗಿ ಕಾಣುವುದು ಈಗಲೇ. ಸಂದುಗಳನ್ನು ಎರಡೂ ಕಡೆಗೆ ಮೃದುವಾಗಿ ಎಳೆದು ಬಿರುಕು ನೋಡಿ. ಅಂಚು ಹಿಗ್ಗಿ ಸಡಿಲವಾಗಿದೆಯೇ, ಫೋಮ್ ಒತ್ತಿದರೆ ಹಿಂದಿನ ಆಕಾರಕ್ಕೆ ಮರಳುತ್ತದೆಯೇ, ಉಜ್ಜಿದರೆ ಪುಡಿ ಉದುರುತ್ತದೆಯೇ, ಬೋಲ್ಟಿನ ತೂತು ಹರಿದಿದೆಯೇ ಎಂದು ಗಮನಿಸಿ. ಇವುಗಳಲ್ಲಿ ಒಂದೇ ಒಂದು ಕಂಡರೂ ಆ ಫಿಲ್ಟರಿನ ಆಯಸ್ಸು ಮುಗಿದಿದೆ. ಅಂಟು ಹಾಕಿ ರಿಪೇರಿ ಮಾಡುವುದು, ಹೊಲಿಯುವುದು ಬೇಡ. ಪಿಸ್ಟನ್, ಸಿಲಿಂಡರ್, ವಾಲ್ವುಗಳ ಬೆಲೆಯ ಮುಂದೆ ಫಿಲ್ಟರಿನ ಬೆಲೆ ಲೆಕ್ಕಕ್ಕೇ ಇಲ್ಲ. ಹೊಸದನ್ನು ಕೊಳ್ಳುವಾಗ ಮಾದರಿ ಮತ್ತು ವರ್ಷ ಎರಡನ್ನೂ ಹೊಂದಿಸಿ ನೋಡಿ. ಒಂದೇ ಹೆಸರಿನ ಬೈಕಿನಲ್ಲೂ ಏರ್ ಬಾಕ್ಸ್ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಹೊಸ ಫಿಲ್ಟರನ್ನು ಹಳೆಯ ಚೌಕಟ್ಟಿಗೆ ತೊಡಿಸಿ ಅಂಚು ಬಿಗಿಯಾಗಿ ಕೂರುತ್ತದೆಯೇ ಎಂದು ಒಣಗಿರುವಾಗಲೇ ನೋಡಿಕೊಳ್ಳಿ.

ಎಣ್ಣೆ ಹಚ್ಚುವುದು

ಎಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಅದಕ್ಕೆ ಜಿಗುಟಿಲ್ಲ, ಹರಿದು ಕೆಳಗೆ ಸೇರುತ್ತದೆ. ಫಿಲ್ಟರಿನ ತಳ ಎಣ್ಣೆಯಲ್ಲಿ ನೆನೆದು ಮೇಲ್ಭಾಗ ಒಣಗುತ್ತದೆ. ಫಿಲ್ಟರ್ ಆಯಿಲ್‌ನಲ್ಲಿ ಹರಡುವುದಕ್ಕೆ ಸಹಾಯವಾಗುವ ದ್ರಾವಕ ಇರುವುದೂ ಉಂಟು. ಅದು ಆರಿಹೋದ ಮೇಲೆ ಉಳಿಯುವ ಎಣ್ಣೆ ಅಂಟಂಟಾಗಿ ನಿಂತಲ್ಲೇ ನಿಲ್ಲುತ್ತದೆ.

ಫಿಲ್ಟರನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಅದರ ಮೇಲೆ ಎಣ್ಣೆ ಸುರಿದು, ಚೀಲದ ಹೊರಗಿನಿಂದಲೇ ಹಿಟ್ಟು ನಾದುವಂತೆ ಒತ್ತುತ್ತ ಹೋದರೆ ಕೈಯೂ ಹಾಳಾಗದು, ಎಣ್ಣೆಯೂ ಪೋಲಾಗದು. ಒಳಮೈಗೂ ಸ್ವಲ್ಪ ಹಾಕಿ. ಎರಡೂ ಪದರಗಳಿಗೆ, ಮೂಲೆಗಳಿಗೆ, ಅಂಟಿಸಿದ ಸಂದುಗಳ ಆಜುಬಾಜಿಗೆ ಎಣ್ಣೆ ತಲುಪಬೇಕು. ಫಿಲ್ಟರ್ ಆಯಿಲ್‌ಗೆ ನೀಲಿ, ಕೆಂಪು, ಹಸಿರು ಎಂದು ಗಾಢ ಬಣ್ಣ ಹಾಕಿರುವುದು ನಿಮ್ಮ ಕಣ್ಣಿಗೆ ಸಹಾಯವಾಗಲೆಂದೇ. ಬಣ್ಣ ಎಲ್ಲೆಡೆ ಒಂದೇ ತೆರನಾಗಿದ್ದರೆ ಸಾಕು. ಮಚ್ಚೆಮಚ್ಚೆಯಾಗಿ ತೆಳುವಾಗಿ ಕಂಡ ಕಡೆ ಇನ್ನಷ್ಟು ಹಾಕಿ ಒತ್ತಿ.

ನಂತರ ಹೆಚ್ಚಾದದ್ದನ್ನು ಒತ್ತಿ ಹೊರತೆಗೆಯಿರಿ, ಇಲ್ಲಿಯೂ ತಿರುಚದೆ. ಬೆರಳಿನಿಂದ ಅದುಮಿದಾಗ ಮೇಲ್ಮೈಗೆ ಎಣ್ಣೆ ಬರಬೇಕು, ಆದರೆ ತೊಟ್ಟಿಕ್ಕಬಾರದು. ಹೆಚ್ಚು ಎಣ್ಣೆ ಉಳಿದರೆ ಗಾಳಿಯ ದಾರಿ ಕಟ್ಟುತ್ತದೆ, ಎಣ್ಣೆ ಒಳಗೆ ಎಳೆದುಕೊಂಡು ಎಂಜಿನ್ ಸ್ಟಾರ್ಟ್ ಆಗಲು ತಿಣುಕುತ್ತದೆ. ಕಡಿಮೆ ಉಳಿದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು, ಅದು ಕಣ್ಣಿಗೂ ಕಾಣುವುದಿಲ್ಲ. ಸ್ಪ್ರೇ ಡಬ್ಬಿಯ ಎಣ್ಣೆ ಬಳಸುವವರು ಮೇಲ್ಮೈಗೆ ಬಣ್ಣ ಬಂದ ಕೂಡಲೇ ನಿಲ್ಲಿಸುತ್ತಾರೆ, ಒಳಪದರ ಒಣಗಿಯೇ ಇರುತ್ತದೆ. ಸಿಂಪಡಿಸಿದ ಮೇಲೂ ಕೈಯಿಂದ ಒತ್ತಿ ಒಳಗೆ ಇಳಿಸಲೇಬೇಕು. ಎಣ್ಣೆಯಲ್ಲಿನ ದ್ರಾವಕ ಆರಲು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಆಮೇಲೆ ಬೈಕಿಗೆ ಹಾಕಬಹುದು, ಇಲ್ಲವೇ ಜಿಪ್ ಚೀಲದಲ್ಲಿ ಮುಚ್ಚಿಡಬಹುದು.

ಕೂರಿಸುವುದು

ಇಲ್ಲಿ ಅವಸರ ಬೇಡ. ಚೌಕಟ್ಟನ್ನು ಫೋಮ್‌ನೊಳಗೆ ತೊಡಿಸಿ, ಗೂಟ ಮತ್ತು ತೂತುಗಳನ್ನು ಹೊಂದಿಸಿ. ಚೌಕಟ್ಟಿನ ಅಂಚು ಫೋಮ್‌ನ ತುಟಿಯೊಳಗೆ ಸುತ್ತಲೂ ಪೂರ್ತಿ ಹೋಗಿರಬೇಕು. ಒಂದು ಕಡೆ ಮಡಚಿಕೊಂಡಿದ್ದರೂ ಅಲ್ಲಿ ಸಂದು ಬಿಡುತ್ತದೆ.

ಫಿಲ್ಟರಿನ ಅಂಚಿಗೆ ಸುತ್ತಲೂ ತೆಳುವಾಗಿ ಗ್ರೀಸ್ ಸವರಿ. ಜಿಗುಟು ಎಣ್ಣೆಯೇ ಸಾಕು ಎನ್ನುವವರಿದ್ದಾರೆ. ಏರ್ ಬಾಕ್ಸಿನ ಚಾಚುಪಟ್ಟಿ ಹೊಸದಾಗಿ ನೇರವಾಗಿದ್ದಾಗ ಅದು ಸಾಕಾಗಬಹುದು. ಆದರೆ ಪ್ಲಾಸ್ಟಿಕ್ ಕಾಲಕ್ರಮೇಣ ಬಾಗುತ್ತದೆ, ಆ ಕೂದಲೆಳೆಯ ಅಂತರವನ್ನು ತುಂಬುವುದು ಗ್ರೀಸ್. ನಾನು ಪ್ರತಿ ಸಲವೂ ಹಚ್ಚುವ ಪಕ್ಷ. ಹೆಚ್ಚು ಬೇಡ, ಉಂಡೆಯಾಗಿ ಒಳಕ್ಕೆ ಉಬ್ಬಿದರೆ ಎಂಜಿನ್ ಅದನ್ನು ಎಳೆದುಕೊಳ್ಳುತ್ತದೆ.

ಈಗ ಬಾಯಿಗೆ ತುರುಕಿದ್ದ ಬಟ್ಟೆ ತೆಗೆಯಿರಿ. ಅದರ ಹೊರಮೈಯ ಧೂಳು ಒಳಗೆ ಬೀಳದಂತೆ, ಮುದುಡಿಕೊಂಡು ಹೊರಕ್ಕೆ. ಕೊಳವೆಯೊಳಗೆ ಟಾರ್ಚ್ ಬಿಟ್ಟು ಕೊನೆಯ ಸಲ ನೋಡಿ. ಫಿಲ್ಟರಿನ ಮೇಲೆ ಯಾವ ಭಾಗ ಮೇಲಕ್ಕೆ ಬರಬೇಕೆಂಬ ಗುರುತಿದ್ದರೆ ಅದನ್ನು ಅನುಸರಿಸಿ, ಏರ್ ಬಾಕ್ಸಿನ ಗೋಡೆಗೆ ತಾಗದಂತೆ ಒಳಗಿಳಿಸಿ, ಗೂಟವನ್ನು ಅದರ ತೂತಿಗೆ ಕೂರಿಸಿ. ಬೋಲ್ಟ್ ಹಾಕುವ ಮುಂಚೆ ಒಂದು ಬೆರಳನ್ನು ಅಂಚಿನ ಸುತ್ತಲೂ ಓಡಿಸಿ. ಕಣ್ಣಿಗೆ ಕಾಣದ ಹಿಂಭಾಗ ಮತ್ತು ತಳದಲ್ಲೇ ಎಡವಟ್ಟಾಗುವುದು ಹೆಚ್ಚು. ಬೆರಳು ತಲುಪದ ಕಡೆಯನ್ನು ಸಣ್ಣ ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾದಿಂದ ನೋಡಿ.

ಬೋಲ್ಟಿಗೆ ವಾಷರ್ ಮತ್ತು ಸೀಲ್ ಹಾಕಲು ಮರೆಯಬೇಡಿ. ಬೋಲ್ಟಿನ ತೂತೂ ಒಂದು ದಾರಿಯೇ. ಕೈಯಿಂದ ಬಿಗಿಯಾದ ಮೇಲೆ ಸ್ವಲ್ಪವೇ ತಿರುಗಿಸಿ. ಅತಿಯಾಗಿ ಬಿಗಿದರೆ ಚೌಕಟ್ಟು ಬಾಗಿ ಅಂಚು ಒಂದು ಕಡೆ ಎದ್ದುಕೊಳ್ಳುತ್ತದೆ, ಆಗ ಬಿಗಿದದ್ದೇ ಸೋರಿಕೆಗೆ ಕಾರಣ. ಕ್ಲಿಪ್ಪಿನಿಂದ ಕೂರುವ ಮಾದರಿಗಳಲ್ಲಿ ಗೂಟಗಳು ರಬ್ಬರಿನೊಳಗೆ ಪೂರ್ತಿ ಹೋಗಿವೆಯೇ, ಕ್ಲಿಪ್ ತನ್ನ ಕೊಂಡಿಯಲ್ಲಿ ಕೂತಿದೆಯೇ ಎಂದು ಎಳೆದು ನೋಡಿ.

ಹೊಸ ಬಗೆಯ ಫಿಲ್ಟರ್ ಹಾಕಿದಾಗ, ಅಥವಾ ಕೊಳವೆಯಲ್ಲಿ ಧೂಳಿನ ಗೆರೆ ಕಂಡಿದ್ದರೆ, ಒಂದು ಪರೀಕ್ಷೆ ಮಾಡಲೇಬೇಕು. ಗ್ರೀಸ್ ಹಚ್ಚಿದ ಫಿಲ್ಟರನ್ನು ಪೂರ್ತಿ ಬಿಗಿದು ಕೂರಿಸಿ, ಮತ್ತೆ ನೇರವಾಗಿ ಬಿಚ್ಚಿ ತೆಗೆಯಿರಿ. ಏರ್ ಬಾಕ್ಸಿನ ಚಾಚುಪಟ್ಟಿಯ ಮೇಲೆ ಗ್ರೀಸಿನ ಗುರುತು ಎಲ್ಲೂ ತುಂಡಾಗದ ಉಂಗುರವಾಗಿ ಮೂಡಿರಬೇಕು. ಗುರುತು ಇಲ್ಲದ ಜಾಗವಿದ್ದರೆ ಫಿಲ್ಟರ್ ಅಲ್ಲಿ ತಾಗುತ್ತಿಲ್ಲ. ಚೌಕಟ್ಟು ಬಾಗಿದೆಯೋ, ಚಾಚುಪಟ್ಟಿ ಬಾಗಿದೆಯೋ, ಫಿಲ್ಟರ್ ಬೇರೆ ಮಾದರಿಯದೋ ಹುಡುಕಿ ಸರಿಪಡಿಸುವ ತನಕ ಬೈಕನ್ನು ಧೂಳಿಗೆ ಇಳಿಸಬೇಡಿ.

ಕಾಗದದ ಫಿಲ್ಟರ್ ಇರುವ ಬೈಕುಗಳು

ರಸ್ತೆಗೂ ಮಣ್ಣಿಗೂ ಎರಡಕ್ಕೂ ಬಳಸುವ ಬೈಕುಗಳಲ್ಲಿ ಫೋಮ್ ಬದಲು ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಇರಬಹುದು. ಅದನ್ನು ತೊಳೆಯುವಂತಿಲ್ಲ. ಕಾರ್ಖಾನೆಯಲ್ಲೇ ಎಣ್ಣೆ ಹಚ್ಚಿ ಬರುವ ಕಾಗದಕ್ಕೆ ಗಾಳಿ ಹೊಡೆಯುವಂತೆಯೂ ಇಲ್ಲ, ಕೊಳೆಯಾದರೆ ಬದಲಾಯಿಸಬೇಕು. ಒಣ ಕಾಗದವಾದರೆ ಮೃದುವಾಗಿ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಊದಿ ಸ್ವಲ್ಪ ದಿನ ಮುಂದೂಡಬಹುದು, ಅಷ್ಟೆ. ಕೈಪಿಡಿಯಲ್ಲಿ ಕೊಟ್ಟಿರುವ ಕಿಲೋಮೀಟರ್ ಅವಧಿ ಸಾಮಾನ್ಯ ರಸ್ತೆಗೆ. ಧೂಳಿನ ಬಳಕೆಗೆ ಅವಧಿ ತಗ್ಗಿಸಬೇಕೆಂದು ಹಲವು ತಯಾರಕರೇ ಬರೆದಿರುತ್ತಾರೆ. ಹತ್ತಿಬಟ್ಟೆಯ ಫಿಲ್ಟರ್ ಹಾಕಿದ್ದರೆ ಅದಕ್ಕೆ ತನ್ನದೇ ಕ್ಲೀನರ್ ಮತ್ತು ಎಣ್ಣೆ ಇವೆ, ಫೋಮ್‌ನ ಎಣ್ಣೆ ಬೇಡ.

ನೀರು ಹೊಕ್ಕರೆ, ದಾರಿಯಲ್ಲಿ ಬದಲಾಯಿಸಬೇಕಾದರೆ

ಹಳ್ಳ ದಾಟುವಾಗ ಬೈಕ್ ನೀರಿನಲ್ಲಿ ಮುಳುಗಿ ನಿಂತರೆ ಸ್ಟಾರ್ಟರ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಪಿಸ್ಟನ್ ಮತ್ತು ಕ್ರ್ಯಾಂಕನ್ನು ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಏರ್ ಬಾಕ್ಸ್ ತೆರೆಯಿರಿ. ಫಿಲ್ಟರ್ ಒಳಗೆ ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ತೆಗೆದು, ಬೈಕನ್ನು ವಾಲಿಸಿ ನೀರು ಬಸಿದು, ಪ್ಲಗ್ ಇಲ್ಲದೆ ಎಂಜಿನನ್ನು ತಿರುಗಿಸಿ ಒಳಗಿನದನ್ನು ಹೊರಹಾಕಿ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೂ ಸೇರಿದೆ, ಓಡಿಸದೆ ತಳ್ಳಿಕೊಂಡು ಬರುವುದೇ ಕ್ಷೇಮ.

ದೂರದ ಸವಾರಿಗೆ ಹೊರಡುವಾಗ ಎಣ್ಣೆ ಹಚ್ಚಿದ ಫಿಲ್ಟರ್ ಒಂದು, ಕೈಗವಸು ಒಂದು ಜೊತೆ, ಒದ್ದೆ ಬಟ್ಟೆ ಒಂದು ಚೀಲದಲ್ಲಿರಲಿ. ಬದಲಾಯಿಸುವ ಜಾಗ ಗಾಳಿಗೆ ಮರೆಯಾಗಿರಲಿ, ಇತರ ಬೈಕುಗಳು ಹಾದುಹೋಗುವ ದಾರಿಯ ಪಕ್ಕ ಬೇಡ. ಫಿಲ್ಟರಿನ ಮೇಲೆ ಹೊದಿಸುವ ತೆಳು ಹೊದಿಕೆ ಸಿಗುತ್ತದೆ. ಧೂಳು ಹೆಚ್ಚಿರುವ ದಿನ ಅದನ್ನು ತೊಡಿಸಿ ಹೊರಟರೆ ಮಧ್ಯದಲ್ಲಿ ಹೊದಿಕೆಯನ್ನು ಮಾತ್ರ ಕಳಚಬಹುದು, ಫಿಲ್ಟರ್ ಕದಲಿಸಬೇಕಾಗಿಲ್ಲ. ಎಂಜಿನ್ ಆಫ್ ಮಾಡಿ, ಹೊದಿಕೆಯನ್ನು ಒಳಹೊರಗಾಗಿ ಮಗುಚುತ್ತ ಸುತ್ತಿಕೊಳ್ಳಿ, ಅದರ ಮಣ್ಣು ಅದರೊಳಗೇ ಉಳಿಯುತ್ತದೆ. ತೆಗೆದ ಕೊಳಕು ಫಿಲ್ಟರ್ ಅಥವಾ ಹೊದಿಕೆಯನ್ನು ಖಾಲಿಯಾದ ಅದೇ ಜಿಪ್ ಚೀಲಕ್ಕೆ ಹಾಕಿ ತನ್ನಿ. ಮನೆಗೆ ಬಂದ ದಿನವೇ ತೊಳೆದುಬಿಟ್ಟರೆ ಮಣ್ಣು ಗಟ್ಟಿಯಾಗುವ ಮೊದಲೇ ಸುಲಭವಾಗಿ ಬಿಡುತ್ತದೆ.